ಸತ್ತವರಿಗೆ ಒನ್ಸ್ ಮೋರ್

ಆ ಶನಿವಾರ ಕಮ್ಯುನಿಟಿ ಹಾಲಿನಲ್ಲಿ ಕೂಗಿದವನು ನಾನೇ. ಅದನ್ನು ಒಪ್ಪಿಕೊಳ್ಳಲು ನನಗೆ ಸುಮಾರು ಒಂದು ವಾರ ಹಿಡಿಯಿತು.

ಸಮುದ್ರದಾಚೆಯ ಈ ಹಿಲ್ಸ್‌ಬರೋದಲ್ಲಿ ನಾನೂ ನನ್ನ ಹೆಂಡತಿಯೂ ಮಗಳ ಮನೆಯಲ್ಲಿದ್ದೇವೆ. ಬೇಲಿಯಾಚೆ ಒಬ್ಬ ರಷ್ಯನ್ ನಟಿ ಇದ್ದಾರೆ. ಅವರ ಫೀಜೋವಾ ಗಿಡದ ಹಣ್ಣು ನಮ್ಮ ಕಡೆ ಉದುರುತ್ತದೆ. ಹೆಂಡತಿ ಅದರ ಚಟ್ನಿ ಮಾಡಿ ಅರ್ಧ ಅವರಿಗೇ ಕೊಡುತ್ತಾಳೆ. ಸ್ನೇಹ ಬೆಳೆದದ್ದು ಹಾಗೆ. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ದರ್ಜೆಯವಾದ್ದರಿಂದ ಇಬ್ಬರಿಗೂ ಸಂಕೋಚವಿಲ್ಲ. ಮೊಮ್ಮಗಳು ಕರೆಯುವುದನ್ನು ಕೇಳಿ ಅವರೂ ನನ್ನನ್ನು ‘ಅಜ್ಜಾ’ ಎನ್ನುತ್ತಾರೆ, ನನಗಿಂತ ದೊಡ್ಡವರಾದರೂ.

ಬೇಲಿಯ ಮೇಲೆ ಕೈಯೂರಿ ಅವರು ತಮ್ಮ ಜೀವನವನ್ನು ಕಂತುಕಂತಾಗಿ ಹೇಳಿದ್ದರು. ತಂದೆ ರೈಲ್ವೆ ಗ್ಯಾಂಗ್‌ಮನ್. ನಾಟಕಶಾಲೆ ಮುಗಿಸಿ ಒಂದು ನದಿ ತೀರದ ಊರಿನ ರಂಗಮಂದಿರ ಸೇರಿದಾಗ ಮೊದಲು ಸಿಕ್ಕಿದ್ದು ಮೊಲದ ಪಾತ್ರ. ಕುಳ್ಳಗಿದ್ದರೆಂದು ವರ್ಷಗಟ್ಟಲೆ ಮೊಲ, ಅಳಿಲು, ತುಂಟ ಹುಡುಗ. ರಾಣಿಯಾಗಲು ನಲವತ್ತು ದಾಟಬೇಕಾಯಿತಂತೆ. ಸಿನಿಮಾದಲ್ಲಿ ಮಾತ್ರ ಯಾವಾಗಲೂ ನರ್ಸ್. ಇಡೀ ಯುದ್ಧಕ್ಕೆ ನಾನೇ ಬ್ಯಾಂಡೇಜ್ ಕಟ್ಟಿದೆ ಎಂದು ನಗುತ್ತಿದ್ದರು. ಒಂದು ಚಿತ್ರದಲ್ಲಿ ತಮ್ಮ ಪಾಲಿನ ಬ್ರೆಡ್ಡನ್ನು ಗಾಯಾಳುವಿಗೆ ಕೊಟ್ಟು, ತಿಂದಾಯಿತೆಂದು ಸುಳ್ಳು ಹೇಳುವ ದೃಶ್ಯವಿತ್ತು. ಅದು ಬಂದ ಮೇಲೆ ಮಾರ್ಕೆಟ್ಟಿನಲ್ಲಿ ಗುರುತಿಲ್ಲದ ಹೆಂಗಸರು ಅವರ ಚೀಲಕ್ಕೆ ಬ್ರೆಡ್ ತುರುಕುತ್ತಿದ್ದರಂತೆ. ದೇಶ ಒಡೆಯಿತು, ಸ್ಟುಡಿಯೋ ಮುಚ್ಚಿತು, ಮಗನ ಜೊತೆ ಇಲ್ಲಿಗೆ ಬಂದರು. ಇಲ್ಲಿ ಸ್ಟೇಜ್ ಹತ್ತಿರಲೇ ಇಲ್ಲ.

ಈ ವರ್ಷ ಹತ್ತಿದರು. ಒಬ್ಬರೇ ಆಡುವ ನಾಟಕ, ಅದೂ ಇಂಗ್ಲಿಷಿನಲ್ಲಿ. ಚಳಿಗಾಲವಿಡೀ ಬಟ್ಟೆ ಒಣಹಾಕುತ್ತ ಮಾತು ಬಾಯಿಪಾಠ ಮಾಡುವುದು ನಮಗೆ ಕೇಳಿಸುತ್ತಿತ್ತು. ಎರಡು ಶನಿವಾರ ಪ್ರದರ್ಶನ. ಮೊದಲನೆಯದಕ್ಕೆ ನಾವು ಹಿಂದಿನ ಸಾಲಿನಲ್ಲಿದ್ದೆವು. ಕೊನೆಯಲ್ಲಿ ಅವರು ಆಡುವ ಮುದುಕಿ ಇಲ್ಲದ ಕೋಳಿಗಳಿಗೆ ಇಲ್ಲದ ಕಾಳು ಚೆಲ್ಲುತ್ತಾಳೆ, ಒಂದೊಂದನ್ನೇ ಹೆಸರು ಹಿಡಿದು ಕರೆಯುತ್ತ ಕುರ್ಚಿಯಲ್ಲೇ ಸಾಯುತ್ತಾಳೆ. ಮುಷ್ಟಿ ಮೆಲ್ಲಗೆ ಬಿಚ್ಚಿಕೊಂಡಿತು. ಹಾಲಿನಲ್ಲಿ ಸದ್ದೇ ಇಲ್ಲ. ಹುಬ್ಬಳ್ಳಿಯ ಕಂಪನಿ ನಾಟಕಗಳನ್ನು ನೋಡಿ ಬೆಳೆದ ನಾನು ಎದ್ದು ನಿಂತು, “ಒನ್ಸ್ ಮೋರ್!” ಎಂದು ಕೂಗಿಬಿಟ್ಟೆ.

ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ದೀಪ ಆರಿತು. ನಾನು ಕುಗ್ಗಿ ಕುಳಿತೆ.

ಮರುದಿನ ಬೇಲಿಯ ಹತ್ತಿರ ಅವರ ಮುಖ ಬಾಡಿತ್ತು. ಯಾರೋ ಗೇಲಿ ಮಾಡಿದರು, ಇನ್ನೊಮ್ಮೆ ಸಾಯಿ ಅಂದರು, ಮುಂದಿನ ಶನಿವಾರ ಆಡುವುದಿಲ್ಲ, ಇನ್ನು ನಾಟಕವೇ ಸಾಕು ಎಂದರು. ಅಲ್ಲೇ ಬಾಯಿಬಿಡಬೇಕಿತ್ತು. ನಾನು ತಲೆಯಾಡಿಸಿ, ಈಗಿನ ಹುಡುಗರಿಗೆ ಮರ್ಯಾದೆಯೇ ಇಲ್ಲ ಎಂದೆ. ಕೂಗಿದ್ದಕ್ಕಿಂತ ದೊಡ್ಡ ತಪ್ಪು ಅದು.

ಅಡುಗೆಮನೆಯ ಕಿಟಕಿ ತೆರೆದಿತ್ತು.

“ಯಾವ ಹುಡುಗ್ರು ರೀ?” ಎಂದಳು ಹೆಂಡತಿ. “ಆ ಹುಡುಗನ ಹಲ್ಲಿನ ಸೆಟ್ಟು ನಮ್ಮ ಬಚ್ಚಲದಾಗ ಐತಿ.”

“ಹೇಳಿದ್ರ ಅವ್ರು ಮಾತು ಬಿಡ್ತಾರ.”

“ಹೇಳದಿದ್ರ ನಾ ಬಿಡ್ತೀನಿ.”

ಬಿಟ್ಟೇಬಿಟ್ಟಳು. ಶಾಲೆಗೆ ಹೊರಟಾಗೆಲ್ಲ ಮೊಮ್ಮಗಳು, “ಜಸ್ಟ್ ಸೇ ಸಾರಿ, ಅಜ್ಜಾ,” ಎನ್ನುತ್ತಿದ್ದಳು.

ಶುಕ್ರವಾರ ಗುಲಾಬಿ ಹಿಡಿದು ಹೋದೆ. ಬಾಗಿಲು ತೆಗೆದವರು ಮೊದಲು ಹೂ ಎಣಿಸಿದರು. ಆರಿದ್ದವು. ಅವರ ಕಡೆ ಸಮಸಂಖ್ಯೆಯ ಹೂ ಹೆಣಕ್ಕೆ ಮಾತ್ರವಂತೆ. ಒಂದನ್ನು ಎಳೆದು ನನ್ನ ಜೇಬಿಗೆ ಸಿಕ್ಕಿಸಿ ಒಳಗೆ ಕರೆದರು.

ಕುಳಿತುಕೊಳ್ಳದೆಯೇ ಎಲ್ಲ ಹೇಳಿದೆ. ನಮ್ಮ ಕಡೆ ಮನಸ್ಸು ತುಂಬಿದರೆ ಒನ್ಸ್ ಮೋರ್ ಕೂಗುತ್ತೇವೆ, ಹಾಡಿಗೂ ಕೂಗುತ್ತೇವೆ, ಸಾವಿಗೂ ಕೂಗುತ್ತೇವೆ. ಸತ್ತ ನಾಯಕ ಎದ್ದು ಧೋತರ ಕೊಡವಿ, ಹಾರ್ಮೋನಿಯಂ ಮಾಸ್ತರರಿಗೆ ಕಣ್ಸನ್ನೆ ಮಾಡಿ, ಹಾಡಿ ಮತ್ತೆ ಸಾಯುತ್ತಾನೆ. ಅಂಥ ಮರ್ಯಾದೆ ಎಲ್ಲರಿಗೂ ಸಿಗುವುದಿಲ್ಲ ಎಂದೆ. ಹುಡುಗರ ಮೇಲೆ ಹಾಕಿದ ಸುಳ್ಳನ್ನೂ ಹೇಳಿದೆ.

ಅವರು ಕೆಟಲ್ ಕಡೆ ತಿರುಗಿ ನಿಂತಿದ್ದರು. ಭುಜ ನಡುಗುತ್ತಿತ್ತು. ಅಳಿಸಿದೆನಲ್ಲ ಎಂದುಕೊಂಡರೆ, ನಗು. ಧೋತರ ಕೊಡವುವುದನ್ನು ಮಾಡಿ ತೋರಿಸು ಎಂದರು. ತೋರಿಸಿದೆ. ಕಣ್ಣೊರೆಸಿಕೊಂಡು ಗಂಭೀರವಾದರು.

“ಕೂಗಿದ್ದಕ್ಕೆ ಕ್ಷಮಿಸಿದೆ. ಸುಳ್ಳಿಗೆ ಶಿಕ್ಷೆ ಇದೆ, ಅಜ್ಜಾ. ನಾಳೆ ನಾನು ಆಡುತ್ತೇನೆ. ಶುರುವಾಗುವ ಮೊದಲು ಸ್ಟೇಜ್ ಮೇಲೆ ನಿಂತು ಇದನ್ನೆಲ್ಲ ಜನಕ್ಕೆ ಹೇಳು.”

ಹೇಳಿದೆ. ಇಂಗ್ಲಿಷ್ ಅರ್ಧ ದಾರಿಯಲ್ಲೇ ಕೈಕೊಟ್ಟಿತು, ಜನ ನಕ್ಕು ಚಪ್ಪಾಳೆ ತಟ್ಟಿದರು. ಆಮೇಲೆ ನಾಟಕ. ಮುದುಕಿ ಕಾಳು ಚೆಲ್ಲಿದಳು, ಕೋಳಿಗಳನ್ನು ಕರೆದಳು, ಸತ್ತಳು. ಮತ್ತೆ ಅದೇ ಮೌನ. ಈ ಸಲ ನಾವು ಮುಂದಿನ ಸಾಲಿನಲ್ಲಿದ್ದೆವು.

“ಈಗ ಕೂಗ್ರಿ,” ಎಂದಳು ಹೆಂಡತಿ. ಆರು ದಿನದ ಮೇಲೆ ಅವಳು ನನ್ನೊಡನೆ ಆಡಿದ ಮೊದಲ ಮಾತು. ನನ್ನಿಂದಾಗಲಿಲ್ಲ. ಕೊನೆಗೆ ಅವಳೇ ಎದ್ದು, ಸೆರಗು ಸಿಕ್ಕಿಸಿ, ಕೂಗಿದಳು.

ಹೆಣ ಒಂದು ಕಣ್ಣು ತೆರೆಯಿತು. ಎದ್ದು ಲಂಗ ಕೊಡವಿಕೊಂಡಿತು. ಮತ್ತೆ ಕಾಳು ಚೆಲ್ಲಿ, ಕೋಳಿಗಳನ್ನು ಒಂದೊಂದಾಗಿ ಕರೆಯಿತು. ಈ ಸಲ ಒಂದು ಕೋಳಿ ಹೆಚ್ಚಿಗೆ ಇತ್ತು. “ಅಜ್ಜಾ, ಬಾ ಬಾ,” ಎಂದು ಅದನ್ನೂ ಕರೆದು, ಮೊದಲಿಗಿಂತ ಚೆನ್ನಾಗಿ ಸತ್ತಿತು.