ಶ್ರೀಲತಾ ನಾಲ್ಕು ವರ್ಷ ಹೇಳದ ಮಾತು

ನಮ್ಮ ಕೆಲಸದಲ್ಲಿ ಚಾಲಕನಿಗೆ ಪೈಲಟ್ ಅನ್ನುತ್ತಾರೆ. ಗಾಡಿಗೆ ರೆಕ್ಕೆ ಇಲ್ಲ, ಹೆಸರು ಮಾತ್ರ ಜೋರು. ನಾನು ಭೋಜ, ಸಾಲಿಗ್ರಾಮದವ. ಮೊದಲು ಹೆದ್ದಾರಿಯಲ್ಲಿ ಎಕ್ಸ್‌ಪ್ರೆಸ್ ಬಸ್ಸು ಬಿಡುತ್ತಿದ್ದೆ. ಆಗ ಯಾವ ವೇಗಕ್ಕೆ ಬೈಯುತ್ತಿದ್ದರೋ ಅದೇ ವೇಗಕ್ಕೆ ಈಗ ಜನ ಬದಿಗೆ ಸರಿದು ದಾರಿ ಕೊಡುತ್ತಾರೆ. ಬೈಂದೂರಿನ ಆಂಬುಲೆನ್ಸಿನ ಮುಂಭಾಗ ನನ್ನದು, ಹಿಂಭಾಗ ಐದು ವರ್ಷದಿಂದ ಶ್ರೀಲತಾಳದು.

ಶ್ರೀಲತಾ ಉಪ್ಪುಂದ ಬದಿಯ ಮೀನುಗಾರರ ಮನೆಯ ಹುಡುಗಿ. ತಾಯಿ ಪದ್ದು ಮೀನು ಮಾರಿಯೇ ಮಗಳಿಗೆ ನರ್ಸಿಂಗ್ ಓದಿಸಿದವಳು. ಮಗಳ ಬಾಯಿಯೂ ಮೀನು ಮಾರ್ಕೆಟ್ಟಿನದೇ. ಹೆರಿಗೆ ನೋವಿನ ಹೆಂಗಸಿನ ಜತೆ ಐದು ಜನ ಗಾಡಿ ಹತ್ತಿದರೆ ನಾಲ್ವರನ್ನು ಇಳಿಸಿಯೇ ನನಗೆ ಹೊರಡಲು ಹೇಳುವುದು. ಆ ಬಾಯಿ ಕಟ್ಟಿದ್ದ ಮಾತು ಒಂದೇ ಒಂದಿತ್ತು. ಕೆಲಸಕ್ಕೆ ಸೇರಿದ ಮೊದಲ ತಿಂಗಳು, ಚಾ ಕುಡಿಯುವಾಗ, ಅದನ್ನು ನನಗೆ ಹೇಳಿದಳು.

ಅವಳಿಗೆ ಹದಿಮೂರು ವರ್ಷವಾಗಿದ್ದಾಗ ಅಪ್ಪ ಮುತ್ತನ ದೋಣಿ ಅಲೆಗೆ ಮಗುಚಿತ್ತು. ಮೇಲೆ ತಂದಾಗ ಮುತ್ತನ ಬೆರಳು ಅಲುಗಿದ್ದನ್ನು ಅವಳು ಕಂಡಿದ್ದಳು. ನಮ್ಮ ಕರಾವಳಿಯಲ್ಲಿ ಒಂದು ರೂಢಿಯಿದೆ. ನೀರು ಕುಡಿದವನನ್ನು ಹೆಗಲ ಮೇಲೆ ಬೋರಲು ಹಾಕಿಕೊಂಡು ಓಡುತ್ತಾರೆ, ಹೊಟ್ಟೆಯ ನೀರು ಬಾಯಿಂದ ಬರಲಿ ಎಂದು. ಅವಳ ಸೋದರಮಾವ ಗುಡ್ಡ, ಆ ದೋಣಿಯ ಯಜಮಾನ, ಭಾವನನ್ನು ಹೊತ್ತು ದಡದ ಉದ್ದಕ್ಕೂ ಹತ್ತು ನಿಮಿಷ ಓಡಿದ. ನೀರು ಬಂತು. ಉಸಿರು ಬರಲಿಲ್ಲ. "ಗುಡ್ಡ ಇಷ್ಟಾದರೂ ಮಾಡಿದ" ಎಂದು ಊರಿಗೆ ಊರೇ ಹೊಗಳಿತು.

ಮುಂದೆ ಆಂಬುಲೆನ್ಸ್ ಕೆಲಸಕ್ಕೆಂದು ಬೆಂಗಳೂರಿನಲ್ಲಿ ತರಬೇತಿ. ಮುಳುಗಿದವರ ಪಾಠದ ದಿನ ರಬ್ಬರಿನ ಗೊಂಬೆಯ ಎದೆ ಒತ್ತಿ, ಬಾಯಿಗೆ ಗಾಳಿ ಕೊಟ್ಟು ತೋರಿಸಿದರು. ಇವಳು ಕೈ ಎತ್ತಿ, "ಸರ್, ಹೊಟ್ಟೆ ನೀರು ತೆಗೆಯುವುದು ಯಾವಾಗ?" ಎಂದು ಕೇಳಿದಳು. "ತೆಗೆಯುವುದೇ ಇಲ್ಲ. ಬೇಕಾದ್ದು ಉಸಿರು. ನೀರು ತೆಗೆಯುತ್ತ ಕೂತರೆ ಆ ಹೊತ್ತಿನಲ್ಲಿ ಜೀವ ಹೋಗುತ್ತದೆ" ಎಂದರಂತೆ. ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತಳಂತೆ.

"ಮಾವಂಗೆ ಹೇಳಿದ್ಯಾ?" ಎಂದು ಕೇಳಿದ್ದೆ.

"ಎಂತ ಹೇಳುದ್ ಭೋಜಣ್ಣ? ಅಪ್ಪಯ್ಯ ಹೋದ್ಮೇಲೆ ನಮ್ಮನಿಗೆ ಅಕ್ಕಿ ತಂದ್ ಹಾಕಿದ್ದೇ ಮಾವ."

ನನಗೂ ಅದೇ ಸರಿ ಅನ್ನಿಸಿತ್ತು. ಸತ್ತವನಂತೂ ಎದ್ದು ಬರುವುದಿಲ್ಲ, ಇದ್ದವನ ಹೊಟ್ಟೆ ಯಾಕೆ ಉರಿಸಬೇಕು? ನನ್ನದೂ ಎಂಥ ದಡ್ಡ ಬುದ್ಧಿ!

ಕಳೆದ ವರ್ಷ ಆಗಸ್ಟಿನಲ್ಲಿ, ಬೆಳಿಗ್ಗೆ ಹತ್ತರ ಹೊತ್ತಿಗೆ, ದೋಣಿ ಮಗುಚಿದೆ ಎಂದು ಕರೆ ಬಂತು. ಅವಳದೇ ಊರು. ನಾವು ಹತ್ತಿರದಲ್ಲೇ ಹೆದ್ದಾರಿಯಲ್ಲಿದ್ದೆವು, ಬೇಗ ಮುಟ್ಟಿದೆವು. ಆಗ ತಾನೇ ಒಬ್ಬನನ್ನು ನೀರಿನಿಂದ ಎಳೆದಿದ್ದರು. ಗುಡ್ಡನ ಒಬ್ಬನೇ ಮಗ ಸುಜನ್. ಗುಡ್ಡ ಅವನನ್ನು ಹೆಗಲಿಗೆ ಹಾಕಿಕೊಂಡು ಓಡಲು ಶುರುಮಾಡಿದ್ದ.

ಶ್ರೀಲತಾ ಅಡ್ಡ ಹೋಗಿ ನಿಂತಳು. "ಮಾವ, ಇಳ್ಸಿ! ಹೊಯ್ಗಿ ಮೇಲ್ ಮಲಗ್ಸಿ!"

"ದಾರಿ ಬಿಡ್ ಹೆಣ್ಣೇ! ಮೊದ್ಲ್ ನೀರ್ ಹೋಯ್ಕ್!"

ಸುತ್ತ ನಿಂತ ಗಂಡಸರೂ ಅವಳಿಗೇ ಗದರಿದರು. ನಾನು ಚೀಲ ಹಿಡಿದುಕೊಂಡು ಬೆಪ್ಪನಂತೆ ನಿಂತಿದ್ದೆ. ಆಗ ಅವಳು ಕಿರುಚಿದಳು: "ಅಪ್ಪಯ್ಯನ್ನೂ ಹೀಂಗೇ ಹೊತ್ಕಂಡ್ ಓಡಿದ್ರಿ! ಅದ್ಕೇ ಅಪ್ಪಯ್ಯ ಉಳೀಲ!"

ಗುಡ್ಡನ ಕಾಲು ನಿಂತಿತು. ಅವಳೇ ಸುಜನ್‌ನನ್ನು ಎಳೆದು ಮರಳಿನ ಮೇಲೆ ಮಲಗಿಸಿದಳು. ನಾನು ಮುಖಕ್ಕೆ ಗಾಳಿಚೀಲ ಹಿಡಿದು ಒತ್ತಿದೆ, ಅವಳು ಎದೆ ಒತ್ತಿದಳು. ಮೂವತ್ತು ಸಲ ಎದೆ, ಎರಡು ಸಲ ಗಾಳಿ. ಬಾಯಿಬಿಟ್ಟು ಎಣಿಸುತ್ತಿದ್ದಳು, ಕಣ್ಣಿಂದ ನೀರು ಅದರ ಪಾಡಿಗೆ ಸುರಿಯುತ್ತಿತ್ತು. ಆರನೆಯ ಸುತ್ತಿನಲ್ಲಿ ಸುಜನ್ ಕೆಮ್ಮಿದ. ಕುಂದಾಪುರದ ಆಸ್ಪತ್ರೆ ಮುಟ್ಟುವಾಗ ಕಣ್ಣು ಬಿಟ್ಟಿದ್ದ.

ಸಂಜೆ ಆಸ್ಪತ್ರೆಯ ವರಾಂಡದಲ್ಲಿ ಗುಡ್ಡ ಅವಳನ್ನು ಕರೆದ. ಹೊಗಳುತ್ತಾನೆ ಅಂದುಕೊಂಡು ನಾನೂ ಹಿಂದೆ ಹೋದೆ.

"ಇವತ್ತ್ ಮಾಡ್ದಾಂಗೆ ಅವತ್ತ್ ಮಾಡಿದ್ರೆ ಮುತ್ತ ಬದ್ಕ್ತಿದ್ನಾ?"

"ಖಾತ್ರಿ ಹೇಳುಕಾತಿಲ್ಲ ಮಾವ. ಬದ್ಕ್ತಿದ್ರೋ ಏನೋ."

"ನಿಂಗಿದ್ ಗೊತ್ತಾಯಿ ಎಷ್ಟ್ ಕಾಲ ಆಯ್ತ್?"

"ನಾಲ್ಕ್ ವರ್ಷ."

"ಹೇಳ್ಲ ನೀ."

"ನಿಮ್ಗೆ ಬೇಜಾರಾತ್ ಅಂದೇಳಿ..."

ಗುಡ್ಡ ಜೋರು ಮಾಡಲಿಲ್ಲ. "ನಂಗೆ ಬೇಜಾರಾತ್ ಅಂದೇಳಿ ನೀ ಸುಮ್ನಿದ್ದೆ. ಇವತ್ತ್ ಸುಜನ್‌ನ ನಾನೇ ಕೊಲ್ತಿದ್ದೆ," ಎಂದ.

ಬೈಂದೂರಿಗೆ ವಾಪಸು ಬರುವಾಗ ಅವಳು ಒಂದೇ ಮಾತು ಆಡಿದಳು, ಎದೆ ಒತ್ತಿ ಕಲಿಸುವ ಆ ಗೊಂಬೆ ಎಲ್ಲಿ ಸಿಗುತ್ತದೆ ಭೋಜಣ್ಣ ಎಂದು. ಫೋನಿನ ಮೇಲೆ ಫೋನು ಮಾಡಿ, ಒಂದು ನರ್ಸಿಂಗ್ ಕಾಲೇಜಿನಿಂದ ಎರವಲು ತಂದೆವು.

ದೋಣಿ ಇಳಿಸದ ಒಂದು ದಿನ ದಡದಲ್ಲಿ ಅರವತ್ತು ಜನ ಸೇರಿದ್ದರು. ಗೊಂಬೆ ನೋಡಿ ಕೆಲವರಿಗೆ ನಗು, ಹೆಣ್ಣುಹುಡುಗಿ ಕಲಿಸುತ್ತಾಳೆಂದು ಕೆಲವರಿಗೆ ಅಸಡ್ಡೆ. ಬಾಯಿಬಡುಕಿ ಶ್ರೀಲತಾಳಿಗೆ ಅವತ್ತು ಶುರು ಮಾಡುವುದು ಹೇಗೆಂದೇ ತಿಳಿಯಲಿಲ್ಲ. ಅಪ್ಪನ ಕತೆ ಹೇಳದೆ ಅವರು ನಂಬುವವರಲ್ಲ, ಹೇಳಿದರೆ ಮಾವನ ಮರ್ಯಾದೆ ಹೋಗುತ್ತದೆ.

ಗುಡ್ಡ ಎದ್ದು ಬಂದು ಗೊಂಬೆಯ ಪಕ್ಕ ಮಂಡಿಯೂರಿದ.

"ಹ್ವಾಯ್, ನಗುದ್ ಸಾಕ್," ಎಂದ. "ಮುತ್ತನ್ನ ಹೊತ್ಕಂಡ್ ಓಡ್ದವ ನಾನ್. ಹೊಗಳಿದವ್ರ್ ನೀವ್. ಇನ್ ಯಾರೂ ಹಾಂಗ್ ಮಾಡುಕಾಗ." ಆಮೇಲೆ ಶ್ರೀಲತಾಳ ಕಡೆ ತಿರುಗಿದ. "ಕೈ ಎಲ್ಲಿ ಇಡುದ್, ತೋರ್ಸ್ ಮಗಾ."