ಕಾಲುಂಗುರಕ್ಕೆ ಬಂದ ಕತ್ತರಿ

ನಿಮ್ಮ ಪಾದದೊಳಗೆ ಎಷ್ಟು ಸ್ಕ್ರೂಗಳಿವೆ, ಹೇಳಿ ನೋಡೋಣ? ಒಂದೂ ಇಲ್ಲವೇ? ಅಯ್ಯೋ ಪಾಪ. ನನಗೆ ಐದಿವೆ, ಜೊತೆಗೊಂದು ತಗಡು. ಇವತ್ತು ಬೆಳಿಗ್ಗೆ, ಮಗಳಿರುವ ಈ ಪರದೇಶದ ಊರು ಐಂಡ್‌ಹೋವನ್‌ನ ಚಳಿಗೆ ಕಾಲುಚೀಲ ಏರಿಸುವಾಗ ಬಲಗಾಲಿನ ಬೋಳುಬೆರಳು ಕಣ್ಣಿಗೆ ಬಿತ್ತು, ಎಲ್ಲ ನೆನಪಾಯಿತು. ಫೋನಿನಲ್ಲಿ ಬರೆಯುವುದನ್ನು ಮೊನ್ನೆಯಷ್ಟೇ ಕಲಿತವಳು, ಒಂದೇ ಬೆರಳಲ್ಲಿ ಕುಟ್ಟುತ್ತಿದ್ದೇನೆ. ಸಹಿಸಿಕೊಳ್ಳಿ.

ಕೊರೊನಾ ಕಾಲ. ಮೂರು ತಿಂಗಳಿಗೆಂದು ಮಗಳ ಮನೆಗೆ ಬಂದ ನಾವಿಬ್ಬರೂ ವಿಮಾನವಿಲ್ಲದೆ ಇಲ್ಲೇ ಉಳಿದಿದ್ದೆವು. ನಮ್ಮ ಯಜಮಾನರಿಗೆ ಸೋಂಕು ತಗಲಿತು. ಅವರನ್ನು ಅಟ್ಟದ ಕೋಣೆಗೆ ಹಾಕಿದ್ದಾಯಿತು. ಇಲ್ಲಿಯ ಮೆಟ್ಟಿಲುಗಳೋ, ಏಣಿಗೆ ಒಡಹುಟ್ಟಿದವು. ಇಳಿಯುವಾಗ ಎಲ್ಲರೂ ಪಕ್ಕದ ಸರಳು ಹಿಡಿಯುತ್ತಾರೆ. ನಾನು ಗಂಜಿಯ ಪಾತ್ರೆ ಹಿಡಿದಿದ್ದೆ. ಸೀರೆಯ ನೆರಿಗೆ ಮೆಟ್ಟಿದೆ. ಪಾತ್ರೆಗೆ ಏನೂ ಆಗಲಿಲ್ಲ.

ಉಳುಕಿರಬೇಕೆಂದು ನಾಲ್ಕು ದಿನ ಅರಿಶಿನ ಮೆತ್ತಿಕೊಂಡು ಕುಂಟಿದೆ. ಆಮೇಲೆ ಆಸ್ಪತ್ರೆಯಲ್ಲಿ ಮೂಗಿಗೆ ಕಡ್ಡಿ ಹಾಕಿ ಪರೀಕ್ಷಿಸಿ ಒಳಗೆ ಬಿಟ್ಟರು. ಅರಿಶಿನ ತೊಳೆದರೆ ಅಂಗಾಲೆಲ್ಲ ಬದನೆಕಾಯಿ ಬಣ್ಣ! ಪಾದದ ನಡುವಿನ ಕೀಲು ಜಾರಿದೆ, ಎರಡನೇ ಬೆರಳಿನ ಬುಡದ ಎಲುಬು ಮುರಿದಿದೆ, ಕೂಡಿಸಿ ಸ್ಕ್ರೂ ಹಾಕದಿದ್ದರೆ ಪಾದ ಚಪ್ಪಟೆಯಾಗಿ ನಡಿಗೆಯೇ ಹೋದೀತು ಎಂದರು ಡಾಕ್ಟರು. ಕಾಲುಂಗುರ ಇದ್ದದ್ದೂ ಅದೇ ಬೆರಳಿನಲ್ಲಿ. ಊತದಲ್ಲಿ ಸಿಕ್ಕಿಕೊಂಡಿದೆ, ಕತ್ತರಿಸಲೇಬೇಕಂತೆ.

ಗಂಡ ಅಟ್ಟದಲ್ಲಿ ಕೆಮ್ಮುತ್ತ ಮಲಗಿರುವಾಗ ಕಾಲುಂಗುರ ಕತ್ತರಿಸುವುದೇ? ನಾನು ಕಾಲು ಮಡಚಿಕೊಂಡು ಕೂತೆ. ಜೊತೆಗೆ ಯಾರನ್ನೂ ಬಿಡದ ಕಾಲ. ಮಗಳು ಫೋನಿನಲ್ಲೇ ಗೋಳಾಡಿದಳು.

"ಅವ್ವಾ, ನಿನಗ ನಡೀಬೇಕೋ ಬ್ಯಾಡೋ?"

"ಮೊದ್ಲ ನಿಮ್ಮಪ್ಪ ಇರಬೇಕಲ್ಲ! ವಿಡಿಯೋ ಹಚ್ಚು. ಅವರು ಕಾಣತಿರಬೇಕು, ಆಗ ಕತ್ತರಿಸಲಿ."

ನರ್ಸ್ ಫೋನ್ ಹಿಡಿದು ನಿಂತಳು. ಡಾಕ್ಟರು ಕತ್ತರಿ ಎತ್ತಿದರು. ಪರದೆಯ ತುಂಬ ನಮ್ಮ ಯಜಮಾನರ ಮೂಗಿನ ಹೊಳ್ಳೆ.

"ಉಸಿರಾಡಿ ತೋರಸ್ರಿ!" ಎಂದೆ.

"ಆಡಾಕತ್ತೀನಿ! ಲಗೂನ ಕತ್ತರಸಾಕ ಹೇಳು!"

ಟಕ್. ಡಾಕ್ಟರೂ ಗಾಬರಿಯಿಂದ ಫೋನಿನತ್ತ ಬಗ್ಗಿ ನೋಡಿದರು. ಹೊಳ್ಳೆ ಅಲುಗಿತು. ಡಾಕ್ಟರು ಹೆಬ್ಬೆರಳೆತ್ತಿ ನನಗೆ ತೋರಿಸಿದರು.

ಆಪರೇಷನ್ ಆಗಿ ಎಚ್ಚರವಾದಾಗಿನಿಂದ ಮನೆಗೆ ಬರುವವರೆಗೂ ಹತ್ತು ನಿಮಿಷಕ್ಕೊಮ್ಮೆ ಫೋನ್ ಮಾಡಿ "ಅದೀರೇನ್ರಿ?" ಎಂದು ಕೇಳಿದೆ. ಇದ್ದರು. ಈಗಲೂ ಇದ್ದಾರೆ; ಎದುರಿಗೇ ಕೂತು ನನ್ನ ಪಾಲಿನ ಬಿಸ್ಕತ್ತನ್ನೂ ತಿನ್ನುತ್ತಿದ್ದಾರೆ. ಮಗಳು ತರಿಸಿಕೊಟ್ಟ ಹೊಸ ಕಾಲುಂಗುರ ಡಬ್ಬಿಯಲ್ಲಿದೆ. ಇವತ್ತು ಅದನ್ನು ತೆಗೆದು ನೋಡಿದೆ, ಹಾಕಿಕೊಳ್ಳದೆ ಹಾಗೇ ಮುಚ್ಚಿಟ್ಟೆ.

"ನೋಡ್ರಿ, ಉಂಗುರ ಇಲ್ಲದಿದ್ರೂ ನಿಮಗೇನೂ ಆಗ್ಲಿಲ್ಲ" ಎಂದೆ.

"ಹೆಂಗ ಆಗತೈತಿ? ಯಮ ಎರಡ ಸಲ ಫೋನ್ ಹಚ್ಚಿದ್ದ. ನಿನ್ನ ಕಾಟಕ್ಕ ಲೈನ ಸಿಗಲಿಲ್ಲ ಅವಂಗ."