ಟೀಚರ ಕಬ್ಬಿಣದ ಮಾತ್ರೆ

ರಕ್ತಪರೀಕ್ಷೆಯ ರಿಪೋರ್ಟ್ ಬರುವ ಹಿಂದಿನ ದಿನ, ಯಲಹಂಕದ ನಮ್ಮ ಎದುರುಮನೆಯ ಲೆಕ್ಕದ ಟೀಚರ್ ಜಗಲಿಯ ಮೇಲೆ ಉತ್ತರಪತ್ರಿಕೆ ತಿದ್ದುತ್ತಿದ್ದರು. ಪುಟಕ್ಕೊಮ್ಮೆ ಕಣ್ಣು ಮುಚ್ಚಿ ಸುಧಾರಿಸಿಕೊಳ್ಳುತ್ತಿದ್ದರು. ಈ ಸುಸ್ತು ಹೀಗೇ ಇದ್ದರೆ ಕೆಲಸ ಬಿಡಬೇಕಾದೀತು ಎಂಬ ಭಯ ಅವರಿಗಿತ್ತು.

ಮರುದಿನ ರಿಪೋರ್ಟ್ ಹಿಡಿದು ನಗುತ್ತಾ ಬಂದರು. "ಕಬ್ಬಿಣದಲ್ಲಿ ಫೇಲು ಕಣ್ರೀ. ಆದ್ರೆ ಥೈರಾಯ್ಡ್ ಆಂಟಿಬಾಡೀಲಿ ಡಿಸ್ಟಿಂಕ್ಷನ್! ಸರಾಸರಿ ತೆಗೆದ್ರೆ ಪಾಸು." ಬೀದಿಗೆಲ್ಲ ಮೈಸೂರುಪಾಕ್ ಹಂಚಿದರು.

ಹೆಬ್ಬಾಳದ ಡಾಕ್ಟರ ಹತ್ತಿರ ನಾನೂ ಜೊತೆಗೆ ಹೋದೆ. "ಮೇಡಂ, ಆ ಆಂಟಿಬಾಡಿ ಜಾಸ್ತಿ ಇರೋದೇ ಕಾಯಿಲೆ. ನಿಮ್ಮ ದೇಹಾನೇ ನಿಮ್ಮ ಥೈರಾಯ್ಡ್ ಗ್ರಂಥೀನ ಹೊಡೀತಿದೆ," ಎಂದರು ಡಾಕ್ಟರು.

"ನನ್ನ ಕ್ಲಾಸಲ್ಲೇ ಗಲಾಟೆನಾ?" ಎಂದರು ಟೀಚರ್.

ಬೆಳಿಗ್ಗೆ ಥೈರಾಯ್ಡ್ ಮಾತ್ರೆ, ಮಧ್ಯಾಹ್ನ ಕಬ್ಬಿಣದ್ದು. ಒಟ್ಟಿಗೆ ನುಂಗಿದರೆ ಕಬ್ಬಿಣವು ಥೈರಾಯ್ಡ್ ಮಾತ್ರೆಯನ್ನು ಮೈಗೆ ಹತ್ತಲು ಬಿಡುವುದಿಲ್ಲ ಎಂದು ಡಾಕ್ಟರು ಎಚ್ಚರಿಸಿದರು.

ಅಂದೇ ಟೀಚರ್ ಕಬ್ಬಿಣದ ಮಾತ್ರೆಯ ಬಾಟಲಿಯನ್ನು ನಮ್ಮ ಅಡುಗೆಮನೆಯಲ್ಲಿ ತಂದಿಟ್ಟರು. "ಒಂದೇ ಬೆಂಚಲ್ಲಿ ಕೂರಿಸಿದ್ರೆ ಇದು ಅದನ್ನ ಓದಕ್ಕೆ ಬಿಡಲ್ಲ ಕಣ್ರೀ. ನಿಮ್ಮನೇಲೇ ಇರ್ಲಿ." ಶಾಲೆಯ ಊಟದ ಬಿಡುವಿನಲ್ಲಿ ಮಾತ್ರೆಗಾಗಿ ಓಡಿ ಬರುತ್ತಿದ್ದರು. ಭಾನುವಾರವೂ ಹಾಗೇ ಓಡಿ ಬರುತ್ತಿದ್ದರು.

ಬರುಬರುತ್ತಾ ಸುಸ್ತು ಹೋಯಿತು. ಅವರ ಗದರಿಕೆ ಮತ್ತೆ ಬೀದಿ ತುದಿಗೆ ಕೇಳತೊಡಗಿತು. ಹೊಸ ರಿಪೋರ್ಟಿನಲ್ಲಿ ಕಬ್ಬಿಣ ಸರಿಹೋಗಿದ್ದರಿಂದ ಡಾಕ್ಟರು ಆ ಮಾತ್ರೆ ನಿಲ್ಲಿಸಿದರು. ಆದರೂ ಮರುದಿನ ಮಧ್ಯಾಹ್ನ ಟೀಚರ್ ಬಂದು ಅದೇ ಸ್ಟೂಲಿನ ಮೇಲೆ ಕೂತರು.

"ಇವತ್ತೇನ್ರೀ?" ಎಂದೆ.

"ಪಾಸಾದೋರು ಸ್ಕೂಲಿಗೆ ಬರಬಾರದಾ?"

ಆಮೇಲೂ ದಿನಾ ಮಧ್ಯಾಹ್ನ ಬರುತ್ತಲೇ ಇದ್ದರು. ಕೆಲವು ವರ್ಷಗಳ ನಂತರ ಅವರು ಹೃದಯಾಘಾತದಿಂದ ತೀರಿಕೊಂಡರು. ಈಗ ಮಧ್ಯಾಹ್ನದ ಹೊತ್ತಿಗೆ ನಮ್ಮ ಮನೆಗೆ ಯಾರೂ ಬರುವುದಿಲ್ಲ.